ಶಾಂತವ್ವನ ಐದು ವೈರಸ್ಸು

ನಾನು ಮನುಷ್ಯಳೆಂದು ರುಜುವಾತು ಮಾಡಲು ಹೋಗಿ ತೊಂದರೆಗೆ ಸಿಕ್ಕಿಕೊಂಡೆ. ಹೋದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ, ಲ್ಯಾಬಿನಲ್ಲಿ ಜನರಿಲ್ಲದ ಹೊತ್ತು, ಕುಪ್ಪಸದ ಬೆನ್ನಿಗೆ ಹೊಸ ನಮೂನೆ ಏನಾದರೂ ಬಂದಿದೆಯೇ ಎಂದು ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದೆ. ಒಂದು ಪುಟ ತೆರೆದುಕೊಂಡಿತು. ಕುಪ್ಪಸ ಕಾಣಲಿಲ್ಲ. 'ನೀವು ಯಂತ್ರವಲ್ಲ, ಮನುಷ್ಯರೇ ಎಂದು ಖಚಿತಪಡಿಸಲು ಅನುಮತಿಸಿ ಎಂಬುದನ್ನು ಒತ್ತಿರಿ' ಎಂಬ ಬರಹ ಕಂಡಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅತ್ತೆಯ ಮನೆಯವರು ನನ್ನಿಂದ ಏನೇನಕ್ಕೋ ರುಜುವಾತು ಕೇಳಿದ್ದಾರೆ. ಮನುಷ್ಯಳು ಹೌದೋ ಅಲ್ಲವೋ ಎಂದು ಮಾತ್ರ ಕೇಳಿರಲಿಲ್ಲ. ಸ್ವಲ್ಪ ಅವಮಾನವಾದಂತಾಗಿ ತಕ್ಷಣ ಒತ್ತಿಬಿಟ್ಟೆ. ಕುಪ್ಪಸ ಆಮೇಲೂ ಕಾಣಲಿಲ್ಲ.

ಶಿಗ್ಗಾಂವಿಯ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ನನ್ನದೊಂದು ಸಣ್ಣ ಲ್ಯಾಬು ಇದೆ. ರಕ್ತ, ಮೂತ್ರ, ಕಫ ಇತ್ಯಾದಿ, ಅಂದರೆ ಮನುಷ್ಯ ತನ್ನದೆಂದು ಅಭಿಮಾನದಿಂದ ಹೇಳಿಕೊಳ್ಳಲಾರದ ವಸ್ತುಗಳನ್ನೆಲ್ಲ ಇಲ್ಲಿ ಪರೀಕ್ಷೆ ಮಾಡುತ್ತೇನೆ. ದುಂಡಸಿ, ಹುಲಗೂರು ಕಡೆಯ ಜನ ಬಸ್ಸಿಳಿದು ಡಾಕ್ಟರರ ಚೀಟಿ ಹಿಡಿದು ನೇರ ಬರುತ್ತಾರೆ. ನನ್ನ ತವರು ಹಾನಗಲ್ಲು. ಯಜಮಾನರು ಹಿರೇಕೆರೂರ ಕಡೆಯವರು, ಸವಣೂರಿನ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರು, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾರೆ. ಲ್ಯಾಬಿಗೆ ಕಂಪ್ಯೂಟರು ಬಂದ ದಿನವೇ ಅವರು ಅದರ ಮುಂದೆ ಕುಳಿತು ಅದರ ಭಾಷೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಯಿಸಿದರು. "ನಮ್ಮ ಮನಿಯೊಳಗ ಬಂದ ಮ್ಯಾಲ ನಮ್ಮ ಮಾತು ಕಲೀಬೇಕು," ಎಂದರು. ನನಗೂ ಈ ಮಾತು ಹೇಳಿದ್ದರೆಂದು ನೆನಪು, ಹಾನಗಲ್ಲಿನವರು ಹಿರೇಕೆರೂರಿನವರಿಗಿಂತ ಬೇರೆ ಕನ್ನಡ ಮಾತಾಡುತ್ತಾರೆಂಬ ಭಾವನೆಯಲ್ಲಿ. ಆ ಕನ್ನಡಾಭಿಮಾನವೇ ಮುಂದಿನ ಕಥೆಗೆ ಅರ್ಧ ಕಾರಣ. ಇನ್ನರ್ಧ ನಾನು.

'ಅನುಮತಿಸಿ' ಒತ್ತಿದ ಮರುದಿನದಿಂದ ಕಂಪ್ಯೂಟರಿನ ಪರದೆಯ ಬಲಮೂಲೆಯಲ್ಲಿ ಚೌಕ ಚೌಕವಾದ ಸಂದೇಶಗಳು ಏಳತೊಡಗಿದವು. ಈ ಒಂದು ಹಣ್ಣು ತಿಂದರೆ ಹೊಟ್ಟೆಯ ಬೊಜ್ಜು ಬೆಣ್ಣೆಯಂತೆ ಕರಗುತ್ತದೆ. ನಿಮ್ಮ ಅದೃಷ್ಟ ಇಂದು ಬಾಗಿಲು ಬಡಿಯುತ್ತಿದೆ. ಶಿಗ್ಗಾಂವಿಯಲ್ಲಿ ಒಬ್ಬಳು ನಿಮಗಾಗಿ ಕಾಯುತ್ತಿದ್ದಾಳೆ. ಶಿಗ್ಗಾಂವಿಯಲ್ಲಿ ನನಗಾಗಿ ಕಾಯುವವರು ಬಹಳ ಜನ ಇದ್ದಾರೆ. ಎಲ್ಲರಿಗೂ ಬೇಕಾದದ್ದು ರಿಪೋರ್ಟು. ಎಲ್ಲ ಸಂದೇಶಗಳೂ ಕನ್ನಡದಲ್ಲೇ ಬರುತ್ತಿದ್ದವು. ಯಜಮಾನರು ಕಲಿಸಿದ ಭಾಷೆಯನ್ನು ಕಂಪ್ಯೂಟರು ತನ್ನ ಕಳ್ಳ ಗೆಳೆಯರಿಗೂ ಹೇಳಿಕೊಟ್ಟಂತಿತ್ತು.

ಇವಕ್ಕೆ ಕಂಪ್ಯೂಟರಿನ ಕನ್ನಡದಲ್ಲಿ 'ಅಧಿಸೂಚನೆ' ಎಂದು ಹೆಸರು. ಸರಕಾರ ಭೂಮಿ ವಶಪಡಿಸಿಕೊಳ್ಳುವಾಗ ಹೊರಡಿಸುವುದೂ ಅಧಿಸೂಚನೆ, ಬೊಜ್ಜು ಕರಗುವ ಹಣ್ಣಿನ ಸಮಾಚಾರವೂ ಅಧಿಸೂಚನೆ. ನಾನು ಇದನ್ನು ಆಡಿಕೊಂಡಾಗ ಯಜಮಾನರು ಊಟದ ತಟ್ಟೆಯ ಮುಂದೆಯೇ ಪಾಠ ಶುರುಮಾಡಿದರು. ಸೂಜಿ ಎಂಬುದು ಸಂಸ್ಕೃತದ ಸೂಚಿಯಿಂದ ಬಂದದ್ದು. ಸೂಚನೆಯೂ ಅದೇ ಮನೆತನದ್ದು. ಎರಡರ ಕೆಲಸವೂ ಚುಚ್ಚುವುದು, ಎಚ್ಚರಿಸುವುದು. "ಅಂದ್ರ ನೀ ಮಾಡೂದೂ ಅದಽ ಉದ್ಯೋಗ," ಎಂದು ಮುಗಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ನಾನು ಚುಚ್ಚುವುದು ಡಾಕ್ಟರು ಬರೆದುಕೊಟ್ಟರೆ ಮಾತ್ರ, ಅದೂ ಕೈ ನೀಡಿದವರಿಗೆ. ನಾನು ಸಣ್ಣವಳಿದ್ದಾಗ ನಮ್ಮೂರ ಓಣಿಯಲ್ಲಿ ಹಲಗೆ ಬಾರಿಸುತ್ತ ಡಂಗುರ ಸಾರುವವನು ಬರುತ್ತಿದ್ದ. ಅವನ ಬಾಯಿ ಯಾರೂ ಮುಚ್ಚಿಸಲಾರರು. ಆದರೆ ಅವನು ಬರುತ್ತಿದ್ದದ್ದು ನಾಳೆ ನೀರು ಬರುವುದಿಲ್ಲ ಎಂದೋ, ದನಗಳಿಗೆ ಸೂಜಿ ಹಾಕುವವರು ಬರುತ್ತಾರೆ ಎಂದೋ ಹೇಳಲಿಕ್ಕೆ. ಹಲಗೆಯ ಸದ್ದು ಕೇಳಿದರೆ ಅವ್ವ ಒಲೆಯ ಉರಿ ಹಿಂದಕ್ಕೆಳೆದು ಹೊರಗೆ ಬರುತ್ತಿದ್ದಳು. ಸುಳ್ಳು ಹೇಳಲು ಹಲಗೆ ಬಾರಿಸಿದವನನ್ನು ನಾನು ಕಂಡಿಲ್ಲ.

"ಅದನ್ನ ಬಂದ್ ಮಾಡಾಕ ಬರತೈತಿ. ಸೆಟ್ಟಿಂಗಿನಾಗ ಹೋಗಿ ನೋಡು," ಎಂದು ಯಜಮಾನರು ಒಂದೆರಡು ಸಲ ಹೇಳಿದರು. ಹೂಂ ಎಂದೆ. ಮನೆಯಲ್ಲಿ ಸೋರುವ ನಲ್ಲಿಗೂ, ಕಿರುಗುಟ್ಟುವ ಬಾಗಿಲಿಗೂ ಹೀಗೆಯೇ ಹೂಂ ಎಂದಿದ್ದೇನೆ. ಉಪದ್ರವ ಸಣ್ಣದಾಗಿದ್ದರೆ ಅದನ್ನು ತೆಗೆಯುವ ಶ್ರಮಕ್ಕಿಂತ ಸಹಿಸುವ ಶ್ರಮ ಕಡಿಮೆ ಎನಿಸುತ್ತದೆ. ದಿನಕ್ಕೆ ಎಷ್ಟು ಸಲ ಕೈ ಬೀಸಿ ನೊಣ ಓಡಿಸುತ್ತೇವೆ ಎಂದು ಲೆಕ್ಕ ಇಡುವವರು ಯಾರು? ಸಂದೇಶ ಎದ್ದ ಕೂಡಲೇ ಗುಣಾಕಾರದ ಗುರುತನ್ನು ಒತ್ತಿ ಮುಚ್ಚುವುದು, ಮತ್ತೊಂದು ಏಳುವುದು, ಮತ್ತೆ ಮುಚ್ಚುವುದು. ಬರಬರುತ್ತ ನಾನು ಅವುಗಳನ್ನು ಓದುವುದನ್ನೇ ಬಿಟ್ಟೆ. ಪರದೆಯ ಆ ಮೂಲೆ ನನ್ನ ಕಣ್ಣಿಗೆ ಕಾಣದಂತಾಯಿತು. ಬೇರೆಯವರ ಕಣ್ಣಿಗೆ ಕಾಣುತ್ತದೆ ಎಂಬುದು ಹೊಳೆಯಲಿಲ್ಲ.

ಹೀಗಿರುವಾಗ ದುಂಡಸಿಯ ಶಾಂತವ್ವ ಬಂದಳು. ಐವತ್ತು ದಾಟಿದ ಹೆಣ್ಣುಮಗಳು. ಹೊಲಮನೆ ಉಳ್ಳವಳು, ಗಟ್ಟಿ ಮಾತಿನವಳು. ಬಾಗಿಲಲ್ಲಿ ನಿಂತು ಗೋಡೆಯ ಮೇಲಿನ ಬೋರ್ಡುಗಳನ್ನೆಲ್ಲ ಒಂದೂ ಬಿಡದೆ ಓದಿ, 'ಖಾಲಿ ಹೊಟ್ಟೆಯಲ್ಲಿ ಬರಬೇಕು' ಎಂಬುದನ್ನು ಜೋರಾಗಿ ಓದಿ, "ನಾ ರೊಟ್ಟಿ ತಿಂದ ಬಂದೇನ್ರಿ ಅಕ್ಕಾರ, ನಡೀತೈತೋ?" ಎಂದು ಕೇಳಿದಳು. ಡಾಕ್ಟರರ ಚೀಟಿ ನೋಡಿದೆ. ಒಂದು ತಿಂಗಳಿಂದ ನಿಶ್ಶಕ್ತಿ, ತಲೆ ತಿರುಗುವುದು. ರಕ್ತ ಎಷ್ಟಿದೆ ನೋಡಬೇಕಿತ್ತು. ನಡೆಯುತ್ತದೆ ಎಂದು ಹೇಳಿ ಕೂರಿಸಿದೆ. ಕೈಗೆ ರಬ್ಬರು ಪಟ್ಟಿ ಕಟ್ಟಿದಾಗ ಆಕೆ ಮುಖ ಆಚೆ ತಿರುಗಿಸಲಿಲ್ಲ. ಸೂಜಿಯನ್ನೇ ನೋಡುತ್ತ ಕುಳಿತಳು. "ಒಂದ ಸಲಕ್ಕ ಮುಗಸ್ರಿ," ಎಂದಳು ಅಷ್ಟೆ. ಮುಗಿಸಿದೆ. ರಕ್ತದ ಸೀಸೆಗೆ ಹೆಸರು ಹಚ್ಚಿ, ಒಳಗಿನ ಕೋಣೆಯ ಯಂತ್ರದ ಬಳಿ ಇಟ್ಟು ಹೊರಗೆ ಬಂದಾಗ ಆಕೆ ಹತ್ತಿಯಿಂದ ಮೊಣಕೈ ಒತ್ತಿ ಹಿಡಿದು ಕಂಪ್ಯೂಟರಿನ ಪರದೆಯನ್ನು ನೋಡುತ್ತಿದ್ದಳು.

ಪರದೆಯ ಮೂಲೆಯಲ್ಲಿ ಕೆಂಪು ಬಣ್ಣದ ತ್ರಿಕೋನ. ಅದರ ಕೆಳಗೆ, ಎಲ್ಲರೂ ಓದುವಷ್ಟು ದಪ್ಪ ಅಕ್ಷರದಲ್ಲಿ: 'ಎಚ್ಚರಿಕೆ! ಐದು ವೈರಸ್‌ಗಳು ಪತ್ತೆಯಾಗಿವೆ. ತಡಮಾಡಿದರೆ ಎಲ್ಲವನ್ನೂ ಕಳೆದುಕೊಳ್ಳುವಿರಿ.'

"ಅಕ್ಕಾರ, ಇದಕ್ಕ ಏನರ ಮಾಡಾಕ ಬರೂದಿಲ್ಲೇನ್ರಿ?" ಎಂದು ಶಾಂತವ್ವ ಪರದೆಯ ಕಡೆ ಕೈ ಮಾಡಿ ಕೇಳಿದಳು.

ನನಗೆ ಸಂತೋಷವೇ ಆಯಿತು. ಇಷ್ಟು ದಿನದಲ್ಲಿ ನನ್ನ ಪಾಡನ್ನು ನೋಡಿ ಮರುಗಿದವರು ಈಕೆಯೊಬ್ಬಳೇ ಎಂದುಕೊಂಡೆ.

"ಏನೂ ಮಾಡಾಕ ಬರೂದಿಲ್ರಿ ಅವ್ವಾರ," ಎಂದೆ. "ಎಲ್ಲಾ ಮಾಡಿ ನೋಡೇನಿ. ಒಮ್ಮೆ ಒಳಗ ಹೊಕ್ಕುವು ಅಂದ್ರ ಮುಗೀತು. ಅವುನ್ನ ಕಟಗೊಂಡಽ ದಿನಾ ನೂಕಬೇಕು."

"ಐದೂ ಹಂಗಽ ಏನ್ರಿ?"

"ಐದಽ ಎಲ್ಲೀವರಿ? ದಿನಾ ಹೊಸಾವು ಬರ್ತಾವು."

ಆಕೆ ಮೊಣಕೈಯ ಹತ್ತಿ ಎತ್ತಿ ನೋಡಿದಳು. "ಎಷ್ಟ ದಿನದಿಂದ ಇರಬೇಕ್ರಿ ಇವು?"

"ಒಂದು ತಿಂಗಳಾಗಿರಬೇಕು ನೋಡ್ರಿ."

"ಹೂಂ. ಬರೊಬ್ಬರಿ ಆತು," ಎಂದು ಶಾಂತವ್ವ ತಲೆಯಾಡಿಸಿದಳು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು, "ಖರೆ ಹೇಳಿದ್ರಿ, ಚಲೋ ಆತು. ಬ್ಯಾರೇದವ್ರು ಆಗಿದ್ರ ಮುಚ್ಚಿಡ್ತಿದ್ರು," ಎಂದಳು.

ಆ ಕೊನೆಯ ಮಾತಿಗಾದರೂ ನಾನು ಬೆಚ್ಚಿಬೀಳಬೇಕಿತ್ತು. ಆದರೆ ಅಷ್ಟರಲ್ಲಿ ಹುಲಗೂರಿನಿಂದ ಬಂದ ಒಬ್ಬರು ಮೂತ್ರದ ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅದನ್ನು ಎಲ್ಲಿಡಬೇಕೆಂದು ತೋರಿಸುವ ಅವಸರ. "ಸಂಜೀಕೆ ರಿಪೋರ್ಟ್ ತಗೊಂಡ ಹೋಗ್ರಿ," ಎಂದು ಶಾಂತವ್ವನಿಗೆ ಕೂಗಿ ಹೇಳಿದೆ. "ಅದರಾಗ ಮತ್ತೇನ ಇರತೈತಿ ಬಿಡ್ರಿ," ಎನ್ನುತ್ತ ಆಕೆ ಬಸ್ ನಿಲ್ದಾಣದ ಕಡೆ ನಡೆದಳು. ಒಂದೇ ಪರದೆಯನ್ನು ನೋಡುತ್ತ ನಾವಿಬ್ಬರೂ ಬೇರೆ ಬೇರೆ ಸಂಗತಿ ಮಾತಾಡಿದ್ದೆವು. ನಾನು ಕಂಪ್ಯೂಟರಿನ ಕಾಟದ ಬಗ್ಗೆ, ಆಕೆ ತನ್ನ ರಕ್ತದ ಬಗ್ಗೆ.

ಆಕೆಯನ್ನು ತಿಳಿಗೇಡಿ ಎಂದು ಯಾರೂ ನಗಬಾರದು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕುಳಿತು, ಆಗತಾನೇ ರಕ್ತ ಕೊಟ್ಟು, ಎದುರಿನ ಪರದೆಯಲ್ಲಿ ತನ್ನದೇ ಭಾಷೆಯಲ್ಲಿ ಐದು ವೈರಸ್ ಪತ್ತೆಯಾಗಿವೆ ಎಂದು ಓದಿದವಳು ಮತ್ತೇನು ತಿಳಿಯಬೇಕು? ಅಷ್ಟಾದರೂ ಆಕೆ ಅವಸರದ ತೀರ್ಮಾನಕ್ಕೆ ಬರಲಿಲ್ಲ. ಲ್ಯಾಬಿನವಳನ್ನೇ ಕೇಳಿ, ಎರಡನೆಯ ಪ್ರಶ್ನೆ ಹಾಕಿ, ಕಾಲವನ್ನೂ ತಾಳೆನೋಡಿ ಖಾತ್ರಿಮಾಡಿಕೊಂಡೇ ಹೋದಳು.

ರಿಪೋರ್ಟು ಆ ಸಂಜೆಯೇ ತಯಾರಾಯಿತು. ರಕ್ತ ಕಡಿಮೆ ಇತ್ತು. ಗುಳಿಗೆ, ಸೊಪ್ಪು, ಬೆಲ್ಲ, ಕಡಲೆಯಿಂದ ಸರಿಹೋಗುವಷ್ಟು ಕಡಿಮೆ. ಉಳಿದದ್ದೆಲ್ಲ ಸರಿಯಾಗಿಯೇ ಇತ್ತು. ಒಯ್ಯಲು ಯಾರೂ ಬರಲಿಲ್ಲ. ಸಂತೆಗೆ ಬಂದಾಗ ಒಯ್ಯುವವರು ಬಹಳ ಜನ ಇರುತ್ತಾರೆ, ಹಾಗಾಗಿ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ.

ಸುಮಾರು ಒಂದು ವಾರದ ಮೇಲೆ, ಬೆಳಿಗ್ಗೆಯ ಜನ ಕರಗಿದ ಹೊತ್ತಿಗೆ, ಒಬ್ಬ ಹುಡುಗಿ ಬಂದು ಮೇಜಿನ ಮುಂದೆ ನಿಂತಳು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. "ಶಾಂತವ್ವ, ದುಂಡಸಿ. ನಾ ಅವರ ಸೊಸಿ, ಸವಿತಾ. ರಿಪೋರ್ಟ್ ಕೊಡ್ರಿ," ಎಂದಳು. ಕೊಟ್ಟೆ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ವೈರಸ್ ಎಲ್ಲಿ ಬರದೀರಿ?"

"ಯಾವ ವೈರಸ್ಸು?"

"ಐದು ಅದಾವಂತಲ್ರಿ. ನೀವಽ ಹೇಳೀರಂತ. ಔಷಧ ಇಲ್ಲ, ದಿನಾ ಹೊಸಾವು ಬರ್ತಾವು, ಕಟಗೊಂಡ ನೂಕಬೇಕು ಅಂದೀರಂತ. ಹಿಂಗ ಮಾರಿ ಮ್ಯಾಲ ಹೇಳ್ತಾರೇನ್ರಿ ಯಾರರ?" ಕಾಗದವನ್ನು ಮೇಜಿನ ಮೇಲೆ ಒಗೆದಳು.

ಅಂಥ ಮಾತು ನಾನು ಹೇಳಿಯೇ ಇಲ್ಲ ಎಂದೆ. ಹೇಳುತ್ತಿರುವಾಗಲೇ ಆ ಮಾತುಗಳು ಎಲ್ಲೋ ನನ್ನವೇ ಅನಿಸತೊಡಗಿದವು. ಸವಿತಾ ನಿಂತಲ್ಲೇ ಮನೆಯ ಕಥೆ ಹೇಳಿದಳು. ಅಂದು ಊರಿಗೆ ಮರಳಿದ ಅತ್ತೆ ಮೊದಲು ತನ್ನ ಊಟದ ಗಂಗಾಳ, ನೀರಿನ ತಂಬಿಗೆ ಬೇರೆ ಇಟ್ಟುಕೊಂಡಳಂತೆ. ಹಾಸಿಗೆ ಕಟ್ಟೆಯ ಮೇಲಕ್ಕೆ ಹೋಯಿತು. ತೊಡೆಯಿಂದ ಇಳಿಯದ ಮೊಮ್ಮಗಳನ್ನು ಹತ್ತಿರ ಸೇರಿಸಲಿಲ್ಲ. ಕೂಸು ಹೊಸ್ತಿಲಲ್ಲಿ ಕುಳಿತು ಅತ್ತಿತು, ಕಟ್ಟೆಯ ಮೇಲೆ ಅಜ್ಜಿಯೂ ಅತ್ತಳು. ಮಗ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೋಗೋಣ ಎಂದರೆ, "ಲ್ಯಾಬಿನ ಅಕ್ಕಾರು ಖರೆ ಹೇಳ್ಯಾರ. ಸುಮ್ಮನ ಯಾಕ ತಿರುಗಾಡೂದು?" ಎಂದು ಕೈ ಚೆಲ್ಲಿದಳು. ಮೂರು ದಿನ ಹೀಗೆ ಕಳೆದು ಎರಡು ಸೀರೆ ಚೀಲಕ್ಕೆ ತುರುಕಿಕೊಂಡು, ಹತ್ತಿಮತ್ತೂರಿಗೆ ಅಕ್ಕನನ್ನು ನೋಡಲು ಹೋಗುತ್ತೇನೆ ಎಂದಳು. ಮನೆಯವರಿಗೆ ನಿಜವಾಗಿ ಭಯವಾದದ್ದು ಆಗ. ಆ ಅಕ್ಕನ ಹೆಸರನ್ನು ಆಕೆ ವರ್ಷಗಳಿಂದ ಬಾಯಿಗೆ ತಂದಿರಲಿಲ್ಲ.

ಅಷ್ಟು ಹೇಳಿ ಸವಿತಾ ಮಾತು ನಿಲ್ಲಿಸಿದಾಗ ಪರದೆಯಲ್ಲಿ ಟಣ್ ಎಂದಿತು. ಅವಳು ಅತ್ತ ನೋಡಿದಳು. ಓದಿದಳು. ಮತ್ತೊಮ್ಮೆ ಓದಿದಳು.

"ಇದು ಯಾರದ್ರಿ?"

ನಾನೂ ನೋಡಿದೆ. ಎಷ್ಟೋ ದಿನಗಳ ಮೇಲೆ ಆ ಮೂಲೆಯನ್ನು ಅಕ್ಷರ ಅಕ್ಷರವಾಗಿ ಓದಿದೆ. ಕೆಂಪು ತ್ರಿಕೋನ, ಐದು ವೈರಸ್‌ಗಳು, ತಡಮಾಡಿದರೆ. ಶಾಂತವ್ವ ಕೇಳಿದ್ದು, ನಾನು ಹೇಳಿದ್ದು, ಎಲ್ಲವೂ ಒಂದರ ಹಿಂದೆ ಒಂದು ಜೋಡಿಸಿಕೊಂಡು ಬಂದವು.

ವಿಷಯ ಬಿಡಿಸಿ ಹೇಳಿದ ಮೇಲೆ ಸವಿತಾ ಮೊದಲ ಸಲ ಕುಳಿತಳು. "ಹಂಗಾರ ಜಡ್ಡು ಕಂಪ್ಯೂಟರಿಗೇನ್ರಿ?"

"ಕಂಪ್ಯೂಟರಿಗೂ ಇಲ್ಲ. ಬರೇ ಸುಳ್ಳು ಅದು."

ಅವಳಿಗೆ ನಗು ಬಂತು, ತಕ್ಷಣ ಅಳುವೂ ಬಂತು. ಎರಡೂ ಮುಗಿಯಲೆಂದು ಕಾಯುತ್ತ ನಾನು ನೀರು ಕೊಟ್ಟೆ. ಈಗಲೇ ಫೋನು ಮಾಡಿ ಹೇಳಿಬಿಡೋಣ ಎಂದರೆ ಅವಳು ಒಪ್ಪಲಿಲ್ಲ. "ಫೋನಿನಾಗ ಹೇಳಿದ್ರ ನಂಬೂದಿಲ್ರಿ. ಸಮಾಧಾನಕ್ಕ ಹೇಳಾಕತ್ತಾರ ಅಂತಾಳ. ಕೆಟ್ಟ ಸುದ್ದಿ ನೀವಽ ಹೇಳೀರಿ, ಇದನ್ನೂ ನೀವಽ ಬಂದ ಹೇಳಬೇಕು." ನ್ಯಾಯದ ಮಾತು.

ಹೊರಡುವ ಮೊದಲು ಕಂಪ್ಯೂಟರಿನ ಮುಂದೆ ಕುಳಿತೆ. ಮೇಲಿನ ಮೂಲೆಯ ಮೂರು ಚುಕ್ಕೆ ಒತ್ತಿದೆ. ಸೆಟ್ಟಿಂಗ್‌ಗಳು. ಅದರೊಳಗೆ ಗೌಪ್ಯತೆ ಮತ್ತು ಭದ್ರತೆ. ಅದರೊಳಗೆ ಸೈಟ್ ಸೆಟ್ಟಿಂಗ್‌ಗಳು. ಅದರೊಳಗೆ ಅಧಿಸೂಚನೆಗಳು. ಒಂದರೊಳಗೊಂದು ಇಟ್ಟ ಡಬ್ಬಿಗಳಂತೆ ತೆರೆದವು. ಕೊನೆಯ ಡಬ್ಬಿಯಲ್ಲಿ ನಾನು ಅನುಮತಿ ಕೊಟ್ಟವರೆಲ್ಲ ಸಾಲಾಗಿ ಕುಳಿತಿದ್ದರು. ಕುಪ್ಪಸದ ಪುಟ ಇತ್ತು. ದಿನಭವಿಷ್ಯ ಇತ್ತು, ಹಾಡುಗಳ ಸಾಹಿತ್ಯ ಇತ್ತು. ಉಳಿದವು ಯಾರೆಂದೇ ಗೊತ್ತಿರದ, ಉಚ್ಚರಿಸಲೂ ಬಾರದ ಹೆಸರುಗಳು. ಮದುವೆಗೆ ಒಬ್ಬರನ್ನು ಕರೆದರೆ ಅವರ ಹಿಂದೆ ಬಂದ ಗುಂಪಿನ ಹಾಗೆ. ಒಬ್ಬೊಬ್ಬರನ್ನೇ ಹಿಡಿದು 'ನಿರ್ಬಂಧಿಸಿ' ಒತ್ತಿದೆ. ಮೇಲೆ ಒಂದು ಕಡೆ, ಯಾವ ಸೈಟೂ ಇನ್ನು ಮುಂದೆ ಅನುಮತಿಯನ್ನೇ ಕೇಳದಂತೆ ಮಾಡುವ ಉಪಾಯವೂ ಇತ್ತು. ಅದನ್ನೂ ಒತ್ತಿದೆ. ಒಲೆಯ ಮೇಲೆ ಚಹಾ ಕುದಿಯುವಷ್ಟರಲ್ಲಿ ಎಲ್ಲ ಮುಗಿಯಿತು. ಎಲ್ಲ ಮಾಡಿ ನೋಡಿದ್ದೇನೆ ಎಂದು ಶಾಂತವ್ವನಿಗೆ ಹೇಳಿದ್ದೆನಲ್ಲ, ಇದೊಂದನ್ನು ಮಾಡಿರಲಿಲ್ಲ.

ಯಜಮಾನರಿಗೆ ಫೋನು ಮಾಡಿ ತಿಳಿಸಿದೆ. ಮುಂಚೆಯೇ ಹೇಳಿದ್ದೆ ಎಂಬ ಮಾತು ಬರುತ್ತದೆಂದು ಕಾದೆ, ಬರಲಿಲ್ಲ. "ನಾ ಅದನ್ನ ಕನ್ನಡಕ್ಕ ಹಚ್ಚದಿದ್ರ ಆಕಿ ಓದತಿದ್ದಿಲ್ಲ ನೋಡು," ಎಂದರು ಮೆತ್ತಗೆ. "ವಾಪಸ್ ಇಂಗ್ಲಿಷ್ ಮಾಡೂಣೇನು?" ಬೇಡ ಎಂದೆ. ಓದಿದವಳದು ತಪ್ಪಿರಲಿಲ್ಲ, ಓದು ಬರುವವಳ ಮುಂದೆ ಸುಳ್ಳು ಇಟ್ಟದ್ದು ತಪ್ಪು.

ಲ್ಯಾಬಿಗೆ ಬೀಗ ಹಾಕಿ ನಾವಿಬ್ಬರೂ ಸವಣೂರಿನ ಬಸ್ಸು ಹಿಡಿದೆವು. ದಾರಿಯಲ್ಲಿ ಸವಿತಾ ಅಕ್ಕತಂಗಿಯರ ಮನಸ್ತಾಪದ ಕಥೆ ಹೇಳಿದಳು. ಅವರ ತಾಯಿ ಕೊನೆಯ ದಿನಗಳಲ್ಲಿ ದೊಡ್ಡ ಮಗಳು ಗಂಗವ್ವನ ಮನೆಯಲ್ಲಿ, ಹತ್ತಿಮತ್ತೂರಿನಲ್ಲಿ ಇದ್ದಳಂತೆ. ತೀರಿಕೊಂಡ ದಿನ ದುಂಡಸಿಗೆ ಸುದ್ದಿ ಮುಟ್ಟಲಿಲ್ಲ. ಬೇರೆ ಯಾರದೋ ಬಾಯಿಂದ ಕೇಳಿ ಶಾಂತವ್ವ ಓಡುವ ಹೊತ್ತಿಗೆ ಮಣ್ಣು ಮುಗಿದಿತ್ತು. ಅಂಗಳದಲ್ಲಿ ನಿಂತು, "ನನ್ನವ್ವನ ಮಾರಿ ನೋಡಾಕ ಬಿಡಲಿಲ್ಲ ನೀ," ಎಂದು ಅಕ್ಕನಿಗೆ ಹೇಳಿ ಬಂದವಳು ಮತ್ತೆ ಆ ಊರ ದಾರಿ ತುಳಿದಿರಲಿಲ್ಲ.

ನಾನು ಕಿಟಕಿಯಾಚೆ ನೋಡುತ್ತ ಕುಳಿತೆ. ಬೇಡದ ಸುದ್ದಿಗಳು ದಿನವಿಡೀ ನನ್ನ ಮೇಜಿನ ಮೇಲೆ ಬಂದು ಬೀಳುತ್ತಿದ್ದವು. ಒಬ್ಬ ಹೆಣ್ಣುಮಗಳಿಗೆ ಜೀವಮಾನದಲ್ಲಿ ತಿಳಿಯಲೇಬೇಕಾಗಿದ್ದ ಒಂದು ಸುದ್ದಿ ಎರಡು ತಾಲ್ಲೂಕಿನ ನಡುವೆ ಎಲ್ಲೋ ಕಳೆದುಹೋಗಿತ್ತು.

"ನನಗ ಇನ್ನೊಂದ ಅಂಜಿಕಿ ಐತ್ರಿ," ಎಂದಳು ಸವಿತಾ. "ಜಡ್ಡಿಲ್ಲ ಅಂತ ಗೊತ್ತಾದ್ರ ಇಬ್ಬರೂ ಮತ್ತ ಮಾತು ಬಿಡತಾರೇನೋ." ಸವಣೂರಿನಲ್ಲಿ ಬಸ್ಸು ಬದಲಿಸುವಾಗಲೂ ನನಗೆ ಅದೇ ಯೋಚನೆ ಇತ್ತು.

ಗಂಗವ್ವನ ಮನೆಯ ಪಡಸಾಲೆಯಲ್ಲಿ ಅಕ್ಕತಂಗಿಯರು ಎದುರುಬದುರು ಕುಳಿತು ಜೋಳ ಹಸನು ಮಾಡುತ್ತಿದ್ದರು. ಗಂಗವ್ವ ತಂಗಿಗಿಂತ ಎತ್ತರ, ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಕಂಡ ಕೂಡಲೇ ಶಾಂತವ್ವನ ಕೈ ಮೊರದ ಮೇಲೆ ನಿಂತಿತು. "ಇನ್ನೂ ಏನರ ಬಂದಾವೇನ್ರಿ ಅಕ್ಕಾರ?" ಎಂದು ಕೇಳಿದಳು. ಮುಖ ಗಟ್ಟಿಯಾಗಿತ್ತು, ದನಿ ಅಷ್ಟು ಗಟ್ಟಿ ಇರಲಿಲ್ಲ.

ನಾನು ಚಾಪೆಯ ಮೇಲೆ ಕುಳಿತು ಮೊದಲು ರಿಪೋರ್ಟು ಕೈಗಿಟ್ಟೆ. ರಕ್ತ ಕಡಿಮೆ, ಬೇರೇನೂ ಇಲ್ಲ ಎಂದು ಬೆರಳಿಟ್ಟು ತೋರಿಸಿದೆ. ಪರದೆಯ ಬರಹ ಆಕೆಯದಲ್ಲ, ಯಾರದೂ ಅಲ್ಲ, ಮೋಸಗಾರರು ಹೆದರಿಸಲು ಕಳಿಸುವ ಸುಳ್ಳು ಎಂದು ಹೇಳಿದೆ. ನಾನು ಹೇಳಿದ ಮಾತೆಲ್ಲ ಆ ಸುಳ್ಳಿನ ಕಾಟದ ಬಗ್ಗೆ ಎಂದೂ ಹೇಳಿದೆ.

ಶಾಂತವ್ವ ಕಾಗದವನ್ನು ನಿಧಾನವಾ​ಗಿ ಓದಿ ಮುಗಿಸಿದಳು. "ಇದಕ್ಕ ಏನರ ಮಾಡಾಕ ಬರೂದಿಲ್ಲೇನು ಅಂತ ನಾ ಕೇಳಿದ್ನಲ್ಲರಿ?"

"ಕೇಳಿದ್ರಿ."

"ನೀವು ಏನಂದ್ರಿ?"

"ಬರೂದಿಲ್ಲ ಅಂದೆ."

"ಈಗ?"

"ಬರತಿತ್ತು. ನಾ ಮಾಡಿದ್ದಿಲ್ಲ. ಇವತ್ತ ಮಾಡಿ ಬಂದೇನಿ."

ಗಂಗವ್ವ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ, "ನಿಮಗ ಬೈಬೇಕೋ, ಚಾ ಮಾಡಬೇಕೋ ತಿಳಿವಲ್ದು ನನಗ," ಎಂದಳು. ಆಮೇಲೆ ತಂಗಿಯ ಕಡೆ ತಿರುಗಿದಳು. "ಸಾಯ್ತೇನಿ ಅಂತ ತಿಳಕೊಂಡಿದ್ದಿಲ್ಲಂದ್ರ ನೀ ಬರತಿದ್ದಿ ಏನು?"

ಸವಿತಾ ನನ್ನ ಕೈ ಹಿಡಿದುಕೊಂಡಳು.

ಶಾಂತವ್ವ ಸುಳ್ಳು ಹೇಳುವವಳಲ್ಲ. "ಬರತಿದ್ದಿಲ್ಲ," ಎಂದಳು.

"ನಾನೂ ಕರೀತಿದ್ದಿಲ್ಲ," ಎಂದಳು ಗಂಗವ್ವ. ಮೊರವನ್ನು ಗೋಡೆಗೆ ಆನಿಸಿಟ್ಟು ಎದ್ದಳು. "ಏಳು, ಇವರಿಗೆ ಗಂಗಾಳ ಹಾಕು. ಬಿಸಿಲಾಗ ಬಂದಾರ."

ಶಾಂತವ್ವ ಎದ್ದಳು. ಆ ಮನೆಯ ಗಂಗಾಳಗಳು ಎಲ್ಲಿವೆ ಎಂದು ಆಗಲೇ ಅವಳಿಗೆ ತಿಳಿದಿತ್ತು.

ಊಟಕ್ಕೆ ಬಡಿಸುತ್ತ ಗಂಗವ್ವ ನಮಗೆ ಉಳಿದದ್ದನ್ನು ಹೇಳಿದಳು. ತಂಗಿ ಬಂದವಳು ಒಳಗೆ ಬರಲಿಲ್ಲವಂತೆ. "ಅಂಗಳದಾಗ ನಿಂತು, ನನಗ ಹತ್ತೂ ಜಡ್ಡು ಆಗೇತಿ, ದೂರಿಂದ ನೋಡಿ ಹೋಗತೇನಿ ಅಂದ್ಲು. ನಾ ಕೈ ಹಿಡದ ಒಳಗ ಎಳಕೊಂಡ ಬಂದ್ನಿ. ಹತ್ತಿದ್ರ ಹತ್ತಲಿ ಅಂದ್ನಿ. ಅವ್ವ ಹೋದ ದಿವಸ ಇಕೀಗೆ ಫೋನ್ ಮಾಡು ಅಂತ ಮಗ್ಗಲ ಮನಿಯವಗ ಹೇಳಿದ್ದೆ. ಅಂವ ಹಳೇ ನಂಬರಿಗೆ ಮಾಡಿ, ಹತ್ತವಲ್ದು ಅಂತ ಸುಮ್ಮನಾಗ್ಯಾನ. ನಾ ಅವ್ವನ ಕೂಡ ಕುಂತಿದ್ದೆ, ಮತ್ತ ಕೇಳಲಿಲ್ಲ. ಕೇಳಬೇಕಿತ್ತು. ಗೊತ್ತಾದ ಮ್ಯಾಲ ಯಾವ ಮಾರಿ ತಗೊಂಡ ದುಂಡಸಿಗೆ ಹೋಗ್ಲಿ ಹೇಳ್ರಿ?" ಶಾಂತವ್ವ ರೊಟ್ಟಿ ಮುರಿಯುತ್ತ, ತಲೆ ಎತ್ತದೆ, "ಅದನ್ನೆಲ್ಲಾ ಆಗಲೇ ಹೇಳೀ ಬಿಡಽ," ಎಂದಳು. ಅಕ್ಕ ಅವಳ ರೊಟ್ಟಿಯ ಮೇಲೆ ಮತ್ತೊಂದು ಸೌಟು ರಾಜಗಿರಿ ಪಲ್ಯ ಹಾಕಿದಳು. ಕೇಳಿ ಹಾಕಲಿಲ್ಲ.

ಹೊರಡುವಾಗ ಸವಿತಾ ಅತ್ತೆಯನ್ನು ಕರೆದಳು. ಮೊಮ್ಮಗಳು ದಾರಿ ನೋಡುತ್ತಿದ್ದಾಳೆ ಎಂದಳು. "ನಾಳೆ ಕೂಸಿನ್ನ ಇಲ್ಲಿಗೇ ಕರಕೊಂಡ ಬಾ," ಎಂದಳು ಶಾಂತವ್ವ. "ನನಗ ರಕ್ತ ಕಡಿಮಿ ಐತಿ ಅಂತ ಅಕ್ಕಾರು ಬರದ ಕೊಟ್ಟಾರಲ್ಲ. ಅದು ಬರೂತನಕ ಇಲ್ಲೇ ಇರತೇನಿ." ಗಂಗವ್ವ ಆ ಮಾತು ಕೇಳಿಸಿಕೊಂಡೂ ಕೇಳಿಸದವಳ ಹಾಗೆ ಹಿತ್ತಲಿಗೆ ಹೋದಳು. ಅಲ್ಲಿಂದ ಒಂದು ಮಡಿಲು ರಾಜಗಿರಿ ಸೊಪ್ಪು ಕಿತ್ತು ತಂದು ನನ್ನ ಚೀಲಕ್ಕೂ ಸ್ವಲ್ಪ ತುಂಬಿದಳು. "ನಿಮ್ಮ ಮಾರೀನೂ ಬಿಳೀ ಆಗೇತಿ," ಎಂದಳು. ಆಮೇಲೆ ಮನೆಯಲ್ಲಿದ್ದ ತನ್ನ ಮೊಮ್ಮಗನ ಕಡೆಯಿಂದ ನನ್ನ ಫೋನು ನಂಬರು ಬರೆಸಿಕೊಂಡು, ಅದು ಹಳೆಯ ನಂಬರಲ್ಲವಷ್ಟೇ ಎಂದು ಎರಡು ಸಲ ಕೇಳಿ, ನನ್ನ ಎದುರಿಗೇ ಫೋನು ಹಚ್ಚಿಸಿ ನೋಡಿದಳು. ನನ್ನ ಚೀಲದಲ್ಲಿ ಫೋನು ಮೊಳಗಿದ ಮೇಲೆಯೇ ನನ್ನನ್ನು ಹೋಗಗೊಟ್ಟಳು.

ಶಾಂತವ್ವ ಒಂದು ತಿಂಗಳು ಹತ್ತಿಮತ್ತೂರಿನಲ್ಲಿದ್ದು ಊರಿಗೆ ಮರಳಿದಳು. ರಕ್ತ ಚೆನ್ನಾಗಿ ಏರಿತ್ತು, ನಾನೇ ನೋಡಿದೆ. ನನ್ನ ಕಂಪ್ಯೂಟರು ಈಗ ಮೌನಿ. ಸಮಾಚಾರ ಬರುವುದು ಮಾತ್ರ ನಿಂತಿಲ್ಲ. ವಾರಕ್ಕೊಮ್ಮೆಯಾದರೂ, ಬಹುತೇಕ ಬೆಳಿಗ್ಗೆ ಖಾಲಿ ಹೊಟ್ಟೆಯವರ ಸಾಲು ಬಾಗಿಲ ತನಕ ನಿಂತಿರುವಾಗಲೇ, ಗಂಗವ್ವ ಫೋನು ಮಾಡುತ್ತಾಳೆ. ಮೊದಲ ಸಲ ನಾನು ಗಾಬರಿಯಾಗಿ, ಯಾರಿಗೇನಾಯಿತು ಎಂದು ಕೇಳಿದ್ದೆ.

"ಏನೂ ಆಗಿಲ್ರಿ ಅಕ್ಕಾರ. ಸುದ್ದಿ ಏನೂ ಇಲ್ಲ ಅಂತ ಹೇಳಾಕ ಮಾಡಿದ್ನಿ. ಈಗ ದುಂಡಸಿಗೂ ಮಾಡಿದ್ದೆ. ಅಲ್ಲೂ ಏನೂ ಇಲ್ಲಂತ."

ಹೋದ ವಾರವೂ ಬಂತು. ಬಲಗೈಯಲ್ಲಿ ಸೂಜಿ ಇತ್ತು, ಎಡಗೈಯಿಂದ ಫೋನೆತ್ತಿ ಕಿವಿಗಿಟ್ಟುಕೊಂಡೆ. ರಬ್ಬರು ಪಟ್ಟಿ ಕಟ್ಟಿಸಿಕೊಂಡು ಕುಳಿತಿದ್ದ ಹಿರಿಯರು ನನ್ನ ಮುಖವನ್ನೇ ನೋಡುತ್ತಿದ್ದರು. ಫೋನಿಟ್ಟ ಮೇಲೆ, "ಏನ್ ಸುದ್ದಿರಿ ಅಕ್ಕಾರ? ಅವಸರದ್ದಿತ್ತೇನು?" ಎಂದು ಕೇಳಿದರು.

"ಹೌದ್ರಿ," ಎಂದೆ. "ಎಲ್ಲಾರೂ ಆರಾಮ ಅದಾರಂತ."